ಈ ಸಲ ನದಿ ದಂಡೆಯಲ್ಲಿ ಚಪ್ಪಾಳೆ ಇಲ್ಲ

ಪ್ರಾಂತೀಯ ಮೀನುಗಾರಿಕೆಯ ಮಾನ್ಯ ಮಹಾನಿರ್ದೇಶಕರೇ,

ನನ್ನ ಮಗಳು ಶೂಕಾ ಮೀನು ಕದ್ದಿಲ್ಲ. ಕದ್ದಿಲ್ಲವೆಂಬುದು ನಿಮಗೆ ಕಳೆದ ವರ್ಷವೇ ಗೊತ್ತಾಗಿದೆ. ಗೊತ್ತಾದ ಮೇಲೂ ನೀವು ಬಾಯಿ ಬಿಟ್ಟಿಲ್ಲ. ನನ್ನ ದೂರು ಇಷ್ಟೇ, ಉಳಿದದ್ದೆಲ್ಲ ವಿವರಣೆ. ಆದರೂ ಪೂರ್ತಿ ಓದಿ, ಏಕೆಂದರೆ ಇದು ನಿಮ್ಮ ಮೇಜಿಗೆ ಬರುವಷ್ಟರಲ್ಲಿ ನಮ್ಮ ಗಿಲಾನ್ ಪ್ರಾಂತ್ಯದ ಅರ್ಧ ಜನ ಓದಿರುತ್ತಾರೆ. ಮುಚ್ಚಿದ ಲಕೋಟೆಯಲ್ಲಿ ನಾನು ಬರೆದ ಪತ್ರಗಳಿಗೆ ನಿಮ್ಮ ಕಚೇರಿಯಿಂದ ಉತ್ತರ ಬರಲಿಲ್ಲ. ಲಕೋಟೆ ಹರಿಯುವ ಶ್ರಮವೂ ನಿಮಗೆ ಬೇಡವೆಂದು ಈ ಸಲ ತೆರೆದೇ ಕಳಿಸುತ್ತಿದ್ದೇನೆ.

ನಾನು ಯಾರೆಂದು ನಿಮಗೆ ಗೊತ್ತು, ಓದುವವರಿಗೆ ಹೇಳುತ್ತೇನೆ. ನಮ್ಮೂರ ಮೀನುಪೇಟೆಯಲ್ಲಿ, ಹೊಗೆಮೀನಿನ ಸಾಲು ಮುಗಿದು ಹಸಿಮೀನಿನ ಸಾಲು ಶುರುವಾಗುವ ಮೂಲೆಯಲ್ಲಿ ಕೂರುವವಳು ನಾನು. ಶಾಲೆ ಮುಗಿಸಿದ ವರ್ಷವೇ ಚೂರಿ ಹಿಡಿದವಳು, ಇನ್ನೂ ಕೆಳಗಿಟ್ಟಿಲ್ಲ. ಪೇಟೆಯವರ ಅರ್ಜಿಗಳನ್ನೆಲ್ಲ ಬರೆದುಕೊಡುವವಳೂ ನಾನೇ, ಆದ್ದರಿಂದ ಸರ್ಕಾರಿ ಭಾಷೆ ಬರುವುದಿಲ್ಲವೆಂದು ನನ್ನನ್ನು ತಳ್ಳಿಹಾಕಲು ಆಗುವುದಿಲ್ಲ. ನಿಮ್ಮ ಮನೆಗೆ ಮೀನು ಹೋಗುತ್ತಿದ್ದದ್ದು ನನ್ನ ಹಲಗೆಯಿಂದ. ಹೋಗುತ್ತಿದ್ದದ್ದು ಎಂದೆ. ಈಗ ಹೋಗುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ಊರ ಮೇಲುಗಡೆ, ನದಿಯ ಪಕ್ಕದಲ್ಲಿ ನಿಮ್ಮ ಇಲಾಖೆಯ ಮರಿಮೀನು ಕೇಂದ್ರವಿದೆ. ವಸಂತದಲ್ಲಿ ಕಡಲಿನಿಂದ ನದಿಗೇರುವ ಬಿಳಿಮೀನನ್ನು ಅಲ್ಲಿ ಹಿಡಿದು, ಮೊಟ್ಟೆ ಹಿಂಡಿ, ಮರಿ ಮಾಡಿಸಿ, ಕಿರುಬೆರಳಿನಷ್ಟಾಗುವ ತನಕ ಸಿಮೆಂಟಿನ ಕೊಳಗಳಲ್ಲಿ ಸಾಕಿ, ಬೇಸಿಗೆಯಲ್ಲಿ ನದಿಗೆ ಬಿಡುತ್ತಾರೆ. ಅವು ಕಾಸ್ಪಿಯನ್ ಸಮುದ್ರಕ್ಕೆ ಇಳಿದು, ಬದುಕಿದ್ದರೆ ಮೂರು ನಾಲ್ಕು ವರ್ಷದಲ್ಲಿ ಮೊಳದುದ್ದ ಬೆಳೆದು ಹಿಂತಿರುಗುತ್ತವೆ. ಆ 'ಬದುಕಿದ್ದರೆ' ಎಂಬ ಮಾತಿನ ಮೇಲೆ ಈ ದಂಡೆಯ ಬಲೆಗಾರರ ಊಟ ನಿಂತಿದೆ, ನನ್ನ ಹಲಗೆ ನಿಂತಿದೆ, ಹೊಸವರ್ಷದ ನೌರೂಜ್ ಹಬ್ಬದ ದಿನ ಪ್ರತಿ ಮನೆಯಲ್ಲೂ ಸೊಪ್ಪಿನ ಅನ್ನದ ಪಕ್ಕಕ್ಕೆ ಬೀಳುವ ಹುರಿದ ತುಂಡು ನಿಂತಿದೆ. ನಿಮ್ಮ ಕುರ್ಚಿಯೂ ಅದರ ಮೇಲೆಯೇ ನಿಂತಿದೆ ಎಂದುಕೊಂಡಿದ್ದೆ. ಅಲ್ಲವಂತೆ. ಅದು ಎಷ್ಟು ಮರಿ ಬಿಟ್ಟಿರಿ ಎಂಬುದರ ಮೇಲೆ ನಿಂತಿದೆಯಂತೆ, ಎಷ್ಟು ಬದುಕಿದವು ಎಂಬುದರ ಮೇಲಲ್ಲ. ಮರಿ ತಿರುಗಿ ಬರುವ ಹೊತ್ತಿಗೆ ನೀವು ಇನ್ನೊಂದು ಕುರ್ಚಿಯಲ್ಲಿ ಇನ್ನೇನನ್ನೋ ಬಿಡುತ್ತಿರುತ್ತೀರಿ.

ನಿಮ್ಮ ಕೊಳಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ನಯವಾದ ಗೋಡೆ, ನಯವಾದ ತಳ, ಮೇಲೆ ನೀಲಿ ಬಣ್ಣ. ಒಂದು ಕಲ್ಲಿಲ್ಲ, ಒಂದು ಎಲೆಯಿಲ್ಲ, ಬೆರಳಗಲ ನೆರಳಿಲ್ಲ. ನೀರು ಬೆಳಗಿನಿಂದ ಸಂಜೆಯವರೆಗೆ ಒಂದೇ ಕಡೆಗೆ, ಒಂದೇ ವೇಗದಲ್ಲಿ ಹರಿಯುತ್ತದೆ. ಹೊತ್ತು ಹೊತ್ತಿಗೆ ಕೆಲಸದ ನೆಮತ್ ಬಂದು, ಕೊಳದ ಮೇಲಿನ ಮರದ ಹಲಗೆಗೆ ಕಾಲು ಬಡಿದು, ಪಟಪಟನೆ ಚಪ್ಪಾಳೆ ತಟ್ಟಿ ಕಾಳು ಎರಚುತ್ತಾನೆ. ಮರಿಗಳು ಕಪ್ಪು ಮೋಡದ ಹಾಗೆ ಮೇಲೆ ಬಂದು ಮುಗಿಬೀಳುತ್ತವೆ. ಈ ಚಪ್ಪಾಳೆಯ ಏರ್ಪಾಡು ನೆಮತ್‌ನದ್ದಲ್ಲ, ನಿಮ್ಮದು. ಬಂದ ಅತಿಥಿಗಳು ಚಪ್ಪಾಳೆ ತಟ್ಟಿದ ಕೂಡಲೇ ಮೀನು ಓಡಿ ಬರಬೇಕು, ಛಾಯಾಚಿತ್ರ ಚೆನ್ನಾಗಿ ಬರಬೇಕು ಎಂದು ನೀವೇ ಹೇಳಿ ರೂಢಿ ಮಾಡಿಸಿದ್ದು.

ಶೂಕಾ ಮೀನಿನ ಶಾಸ್ತ್ರ ಓದಿ ಆ ಕೇಂದ್ರಕ್ಕೆ ಗುತ್ತಿಗೆಯ ಕೆಲಸಕ್ಕೆ ಸೇರಿದವಳು. ಸೇರಿದ ವಾರದಲ್ಲೇ ಮನೆಗೆ ಬಂದು ಊಟ ಮಾಡದೆ ಕೂತಳು.

"ಏನೇ ಆಯ್ತು?"

"ಅಮ್ಮಾ, ನಾವಲ್ಲಿ ಮೀನು ಸಾಕ್ತಿಲ್ಲ. ನೀರುಕಾಗೆಗೆ ತುತ್ತು ಕಟ್ತಿದೀವಿ."

"ಮೀನಿನ ಮರಿಗೆ ಈಜು ಕಲಿಸೋಕೆ ಹೋಗ್ಬೇಡ ಕಣೇ. ಅವಕ್ಕೆ ಗೊತ್ತಿರುತ್ತೆ."

"ಈಜು ಗೊತ್ತಮ್ಮ. ಬಚ್ಚಿಟ್ಕೊಳ್ಳೋದು ಗೊತ್ತಿಲ್ಲ. ಬಚ್ಚಿಟ್ಕೊಳ್ಳೋಕೆ ಜಾಗವೇ ಇಲ್ದೆ ಇರೋವಾಗ ಎಲ್ಲಿಂದ ಕಲೀತವೆ?"

ನಾನು ನಕ್ಕೆ. ಆದರೆ ನಾನು ನಕ್ಕೆನೆಂದು ಬಿಡುವವಳಲ್ಲ ನನ್ನ ಮಗಳು. ಕೇಂದ್ರದ ಮೇಲ್ವಿಚಾರಕರನ್ನು ಕೇಳಿ, ಅನುಮತಿ ಪಡೆದು, ಮೂಲೆಯ ಒಂದು ಕೊಳವನ್ನು ತನ್ನ ಕೈಗೆ ತೆಗೆದುಕೊಂಡಳು. ನಮ್ಮ ಹೊಗೆಗೂಡಿನ ಹಳೆಯ ಹೆಂಚುಗಳನ್ನು ಹೊತ್ತುಕೊಂಡು ಹೋಗಿ ತಳದಲ್ಲಿ ಕವುಚಿ ಹಾಕಿದಳು. ದಂಡೆಯ ಮರಗಳ ಕೊಂಬೆ ಮುಳುಗಿಸಿದಳು. ಗುಂಡುಕಲ್ಲು, ನೀರುಹುಲ್ಲು ಹಾಕಿದಳು. ನೀರಿನ ಸೆಳೆತವನ್ನು ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ, ಒಮ್ಮೆ ಆ ಕಡೆಯಿಂದ, ಒಮ್ಮೆ ಈ ಕಡೆಯಿಂದ ಮಾಡಿಸಿದಳು. ಕಾಳನ್ನು ಮೇಲಿಂದ ಎರಚದೆ ಕೊಳವೆಯಲ್ಲಿ ನೀರಿನೊಳಗೆ ಬಿಟ್ಟಳು, ಅದೂ ಹೊತ್ತು ಗೊತ್ತಿಲ್ಲದೆ, ತಾನು ಕಾಣಿಸಿಕೊಳ್ಳದೆ. ನಡುನಡುವೆ ಹೊಂಡದಿಂದ ಬಾಚಿದ ಜೀವಂತ ಹುಳ ಕೊಟ್ಟಳು. ಕೊನೆಗೆ ನನ್ನ ಹತ್ತಿರವೇ ಬಂದು, ಬಾತಿನ ಕೊಕ್ಕಿನಂಥ ಮೂತಿಯ ಮರಿಭಕ್ಷಕ, ನಾವು ಬಾತುಮೀನು ಎನ್ನುತ್ತೇವಲ್ಲ, ಅದರದ್ದೊಂದು ಪುಟ್ಟದನ್ನು ಜೀವಂತ ಕೊಡಿಸೆಂದು ಕೇಳಿ, ಬಲೆಯ ಪಂಜರದಲ್ಲಿಟ್ಟು ಕೊಳಕ್ಕೆ ಇಳಿಬಿಟ್ಟಳು. ಅದರ ವಾಸನೆ ಮರಿಗಳ ಮೂಗಿಗೆ ಬೀಳಲಿ ಎಂದು. ವೈರಿ ಹೇಗಿರುತ್ತಾನೆಂದು ತಿಳಿದು ಹೋಗಲಿ ಎಂದು. ಇದು ಕೋಳಿಗೂಡಿಗೆ ನರಿ ಬಿಟ್ಟ ಹಾಗೆ ಎಂದು ನೀವು ಆಮೇಲೆ ಹೇಳಿದಿರಂತೆ. ಪಂಜರದಲ್ಲಿದ್ದದ್ದು ನರಿ, ಕೋಳಿಯಲ್ಲ, ಎಂಬುದನ್ನು ಮರೆತಿರಿ.

ಈಗ ಆ ದಿನಕ್ಕೆ ಬರೋಣ. ನೀವು ಮರೆತಿರುವ, ನಾನು ಮರೆಯದ ದಿನ.

ರಾಜಧಾನಿಯಿಂದ ದೊಡ್ಡ ಅತಿಥಿ ಬಂದಿದ್ದರು. ಮಧ್ಯಾಹ್ನದ ಊಟಕ್ಕೆ ಹೊಗೆಮೀನು ಮಾಡಿ ತರಲು ನನಗೆ ಹೇಳಿದ್ದರು. ನಾನು ತಟ್ಟೆ ಹಿಡಿದು ಸುಡುಬಿಸಿಲಲ್ಲಿ ನಿಂತಿದ್ದೆ. ನೀವು ಅತಿಥಿಯನ್ನು ಕೊಳದಿಂದ ಕೊಳಕ್ಕೆ ಕರೆದೊಯ್ದಿರಿ. ನಿಮ್ಮ ಅಂಗಿಯ ಕಾಲರಿಗೆ ಮೈಕು ಸಿಕ್ಕಿಸಿತ್ತು. ಪ್ರತಿ ಕೊಳದ ಬಳಿಯೂ ನೀವು ಚಪ್ಪಾಳೆ ತಟ್ಟಿದಿರಿ, ಮೀನು ಬಂದವು, ಅತಿಥಿ ಮಗುವಿನಂತೆ ಹಿಗ್ಗಿದರು. ಆಮೇಲೆ ಮೂಲೆಯ ಕೊಳ. ನೀವು ಚಪ್ಪಾಳೆ ತಟ್ಟಿದಿರಿ. ಏನೂ ಇಲ್ಲ. ಮತ್ತೆ ತಟ್ಟಿದಿರಿ. ಕೊಂಬೆ, ಹುಲ್ಲು, ನೀರು. ಅತಿಥಿ ಕಾಳು ಹಿಡಿದ ಕೈ ಚಾಚಿಕೊಂಡೇ ಬಗ್ಗಿದ್ದರು. ಛಾಯಾಗ್ರಾಹಕರು ಕಾಯುತ್ತಿದ್ದರು.

"ಮೀನೆಲ್ಲಮ್ಮ?" ಎಂದು ಶೂಕಾಳನ್ನು ಕೇಳಿದಿರಿ.

"ಇಲ್ಲೇ ಇವೆ ಸಾಹೇಬ್ರೇ, ಅಡಗಿವೆ. ಒಂದು ಗಳಿಗೆ ಎಲ್ರೂ ಹಿಂದಕ್ಕೆ ಸರಿದು ಸುಮ್ನೆ ನಿಂತ್ರೆ ಬರ್ತವೆ."

"ಅತಿಥಿಗಳು ಮೀನಿಗೋಸ್ಕರ ಕಾಯ್ಬೇಕಾ?"

"ಅದೇ ಒಳ್ಳೇ ಲಕ್ಷಣ ಸಾಹೇಬ್ರೇ. ಅಡಗೋಕೆ ಕಲಿತಿವೆ."

ಆಗ ನೀವು ಅತಿಥಿಯ ಕಡೆ ತಿರುಗಿ, ಮುಜುಗರ ಮುಚ್ಚಿಕೊಳ್ಳಲು ನಕ್ಕು, ಆ ಮಾತು ಹೇಳಿದಿರಿ. "ಅಡಗಿವೆಯೋ, ಪೇಟೆಗೆ ಹೋಗಿವೆಯೋ! ಈ ಹುಡುಗಿಯ ತಾಯಿ ಮೀನು ಮಾರ್ತಾರೆ, ಗೊತ್ತಲ್ಲ?" ಮೈಕು ಅದನ್ನು ಕೇಂದ್ರದ ಗೇಟಿನ ತನಕ ಕೇಳಿಸಿತು. ಎಲ್ಲರೂ ನಕ್ಕರು. ನಿಮ್ಮ ಅಧೀನ ಅಧಿಕಾರಿಗಳು ಅತಿಥಿಗಿಂತ ಜೋರಾಗಿ ನಕ್ಕರು. ನನ್ನ ಕೈಯ ತಟ್ಟೆಯಲ್ಲಿದ್ದ ಹೊಗೆಮೀನನ್ನು ಒಬ್ಬ ಬೆರಳು ಮಾಡಿ ತೋರಿಸಿದ. ಶೂಕಾ ಕೆಂಪಾಗಲಿಲ್ಲ, ಬೆಳ್ಳಗಾದಳು.

ಕೇಳುತ್ತೇನೆ, ಹೇಳಿ. ಕಿರುಬೆರಳಿನಷ್ಟು ಮರಿಯನ್ನು ಯಾವ ಪೇಟೆಯಲ್ಲಿ, ಯಾರು, ಯಾವ ಬಾಣಲೆಗೆಂದು ಕೊಳ್ಳುತ್ತಾರೆ? ಮೀನುಗಾರಿಕೆಯ ಮಹಾನಿರ್ದೇಶಕರಿಗೆ ಮಾರುವ ಮೀನು ಯಾವುದು, ಮಾರಲಾರದ ಮೀನು ಯಾವುದು ಎಂದು ಗೊತ್ತಿರಬೇಡವೇ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕೇಳಿದ್ದೆ. ಎತ್ತು ಈಯಿತೆಂದು ತಾವೇ ಸಾರಿ, ಕರು ಎಲ್ಲಿ ಮಾರಿದೆ ಎಂದು ಪಕ್ಕದ ಮನೆಯವಳ ಜುಟ್ಟು ಹಿಡಿಯುವವರನ್ನು ಅಂದೇ ನೋಡಿದ್ದು.

ತಮಾಷೆಗೆ ಅಂದೆ ಎನ್ನುತ್ತೀರಿ. ಇರಬಹುದು. ಆದರೆ ಆ ತಮಾಷೆ ನಾನು ತಟ್ಟೆ ಇಳಿಸುವುದಕ್ಕೆ ಮೊದಲೇ ಪೇಟೆ ಮುಟ್ಟಿತ್ತು. ಮರುದಿನ ಬೆಳಿಗ್ಗೆ ನನ್ನ ಹಲಗೆಯ ಮುಂದೆ ನಿಂತ ಗಿರಾಕಿಯೊಬ್ಬ, "ಸರ್ಕಾರಿ ಮಾಲು ಬಂದಿದೆಯಾ ಅಕ್ಕ?" ಎಂದ. ಅವನ ಮುಖಕ್ಕೆ ಮೀನಿನ ನೀರು ಎರಚಿದೆ. ಎಷ್ಟು ಜನರಿಗೆ ಎರಚಲಿ?

ಕೆಲವು ದಿನಗಳ ನಂತರ, ನದಿಗೆ ಬಿಡುವ ಸಲುವಾಗಿ ಆ ಕೊಳದ ನೀರು ಇಳಿಸಿದರು. ಕೊಂಬೆ ಎತ್ತಿದರೆ ಮೀನು. ಹೆಂಚು ಮಗುಚಿದರೆ ಮೀನು. ಹುಲ್ಲು ಕೊಡವಿದರೆ ಮೀನು. ನೆಮತ್ ಬಕೆಟ್ ಸಾಲದೆ ಓಡಾಡಿದನಂತೆ. ಬೇರೆ ಯಾವ ಕೊಳಕ್ಕಿಂತ ಒಂದೂ ಕಡಿಮೆಯಿರಲಿಲ್ಲ. ಮೇಲ್ವಿಚಾರಕರು ನಿಮಗೆ ಫೋನು ಮಾಡಿ ಹೇಳಿದರು. ನೀವು ಹೇಳಿದ್ದು: "ಇದ್ರೆ ಒಳ್ಳೇದೇ ಆಯ್ತಲ್ಲ." ಮುಗಿಯಿತು. ಕಳ್ಳತನದ ಮಾತು ಮೈಕಿನಲ್ಲಿ ಬಂತು, ಕಳ್ಳತನವಾಗಿಲ್ಲವೆಂಬ ಮಾತು ಫೋನಿನ ಕಿವಿಯಲ್ಲೇ ಸತ್ತಿತು. ಅದೇ ವಾರ ಆಜ್ಞೆಯೂ ಬಂತು. ಕೊಳಗಳು 'ಸ್ವಚ್ಛ'ವಾಗಿರಬೇಕು, ಕಲ್ಲು ಕೊಂಬೆ ಇತ್ಯಾದಿ ಕಸ ತೆಗೆಯತಕ್ಕದ್ದು, ಅತಿಥಿಗಳಿಗೆ ಮುಜುಗರವಾಗುವಂಥ ಪ್ರಯೋಗ ಕೂಡದು. ಶೂಕಾಗೆ ಶನಿವಾರದಿಂದ ಬರಬೇಡ ಎಂದರು. ನಮ್ಮ ಹೆಂಚುಗಳು ಇವತ್ತಿಗೂ ಕೇಂದ್ರದ ಗೋಡೆಯ ಹಿಂದೆ ರಾಶಿ ಬಿದ್ದಿವೆ. ಆ ದಾರಿಯಲ್ಲಿ ಹೋದಾಗಲೆಲ್ಲ ನೋಡುತ್ತೇನೆ.

ನಾನೂ ಈ ನೆಲದವಳು, ಅತಿಥಿ ಮರ್ಯಾದೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಬಾಗಿಲಿಗೆ ಯಾರಾದರೂ ಬಂದರೆ ಮಲಗಿದ್ದ ಮುದುಕನೂ ಎದ್ದು ಕೂರುತ್ತಾನೆ. ಚಹಾ ಬೇಡವೆಂದರೆ ಎರಡನೇ ಸಲ ಕೇಳುತ್ತೇವೆ, ಮೂರನೇ ಸಲ ಕೇಳದೆ ಇಟ್ಟುಬಿಡುತ್ತೇವೆ. ಮನೆಯಲ್ಲಿ ಏನೂ ಇಲ್ಲದಿದ್ದರೆ ಪಕ್ಕದ ಮನೆಯಿಂದ ತಂದು ಬಡಿಸುತ್ತೇವೆ. ಒಪ್ಪಿದೆ. ಆದರೆ ಈ ಮರ್ಯಾದೆಯನ್ನು ಮೀನಿಗೂ ಕಲಿಸಿದವರು ಪ್ರಪಂಚದಲ್ಲಿ ನೀವೊಬ್ಬರೇ. ನದಿಯಲ್ಲಿ ಮರಿಮೀನಿನ ಮನೆಗೆ ಬರುವ ಅತಿಥಿಗಳು ಯಾರೆಂದು ಯೋಚಿಸಿದಿರಾ? ನೀರುಕಾಗೆ. ಬಾತುಮೀನು. ಬಾಯಿ ತೆರೆದು ಬರುವ ಮೀಸೆಮೀನು. ನಿಮ್ಮ ಕೊಳದಲ್ಲಿ ಕಲಿತ ಮರಿ ಅವರೆಲ್ಲರಿಗೂ ಎದ್ದು ಬಂದು, ಬನ್ನಿ ಬನ್ನಿ, ಕೂತ್ಕೊಳ್ಳಿ, ಏನು ತಗೋತೀರಿ ಎನ್ನುತ್ತದೆ. ಏನು ತಗೋತಾರೆಂದು ನನಗೆ ಗೊತ್ತು.

ನಾನು ಸುಮ್ಮನೆ ನಾಲಿಗೆ ಹರಿಬಿಡುತ್ತಿಲ್ಲ. ಅದು ಊರೆದುರಿಗೆ ನಡೆಯಿತು, ನಿಮ್ಮ ಕೈಯಿಂದಲೇ ನಡೆಯಿತು.

ಮರಿ ಬಿಡುವ ಉತ್ಸವ. ನದಿಗೆ ಚಾಚಿದ ಮರದ ಕಟ್ಟೆಯ ಮೇಲೆ ಕಾರ್ಪೆಟ್ಟು, ಕುರ್ಚಿ, ಬ್ಯಾಂಡು, ಶಾಲೆಯ ಮಕ್ಕಳು. ನಾನೂ ಹೋಗಿದ್ದೆ. ಕದ್ದವಳ ತಾಯಿ ಮನೆಯಲ್ಲಿ ಅಡಗಿ ಕೂತಿದ್ದಾಳೆ ಎನ್ನಬಾರದಲ್ಲ. ಶೂಕಾಳ ಕೊಳದ ಮರಿಗಳಿಗೆ ಉತ್ಸವದ ಭಾಗ್ಯವಿರಲಿಲ್ಲ. ಅವನ್ನು ನೆಮತ್ ಕೆಳಗಿನ ತಿರುವಿನಲ್ಲಿ, ಮರದ ಬೇರುಗಳ ಹತ್ತಿರ, ಯಾರಿಗೂ ಹೇಳದೆ ಸುರಿದ. ನಾನು ಅವನ ಪಕ್ಕದಲ್ಲೇ ನಿಂತಿದ್ದೆ. ಬಕೆಟ್ಟಿನಿಂದ ಇಳಿದವು, ಬೇರಿನ ಕೆಳಗೆ ಹೋದವು, ಇಲ್ಲವಾದವು. ಒಂದು ಕ್ಷಣದ ಹಿಂದೆ ಅಲ್ಲಿ ಮೀನಿತ್ತೆಂದು ದೇವರಾಣೆ ಮಾಡಿದರೂ ಯಾರೂ ನಂಬುತ್ತಿರಲಿಲ್ಲ. ನೆಮತ್ ಹಣೆಯ ಬೆವರು ಒರೆಸಿಕೊಂಡು, "ನೋಡಿದ್ಯಾ ಅಕ್ಕ? ಋಣ ತೀರಿಸೋಕೆ ಹೊರಟೋವ್ರ ಥರ ಹೋದ್ವು," ಎಂದ. "ಸಾಲ ಕೊಟ್ಟೋನ್ನ ಕಂಡೋರ ಥರ ಅನ್ನು," ಎಂದೆ.

ಮೇಲುಗಡೆ ಕಟ್ಟೆಯಿಂದ ನೀವು ಬೆಳ್ಳಿ ಬೋಗುಣಿಯಲ್ಲಿ ಬೋಳು ಕೊಳದ ಮರಿಗಳನ್ನು ನೀರಿಗೆ ಸುರಿದಿರಿ. ನಿಮ್ಮ ಹಿಂದೆ ಮಕ್ಕಳು ಪ್ಲಾಸ್ಟಿಕ್ ಬೋಗುಣಿಗಳಲ್ಲಿ ಸುರಿದರು. ಮರಿಗಳು ಸೆಳೆತಕ್ಕೆ ಸಿಕ್ಕಿ ಕೆಳಗೆ ಹೋಗತೊಡಗಿದವು. ಆಗ ಬ್ಯಾಂಡು ಶುರುವಾಯಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಮಕ್ಕಳು ಕುಣಿಯುತ್ತ ಮರದ ಕಟ್ಟೆಯನ್ನು ಕಾಲಲ್ಲಿ ಬಡಿದರು. ಚಪ್ಪಾಳೆ, ಕಾಲಿನ ಬಡಿತ, ಮರದ ಹಲಗೆ. ಊಟದ ಕರೆ.

ಹೋಗುತ್ತಿದ್ದ ಮರಿಗಳೆಲ್ಲ ತಿರುಗಿದವು. ಸೆಳೆತಕ್ಕೆ ಎದುರಾಗಿ ಈಜಿಕೊಂಡು, ಒಂದರ ಮೇಲೊಂದು ಬಿದ್ದುಕೊಂಡು, ಕಟ್ಟೆಯ ಮುಂದಿನ ತೆಳುನೀರಿಗೆ ಬಂದು ಬಾಯಿ ತೆರೆದು ನಿಂತವು. ನೀರು ಕುದಿಯುವ ಹಾಗೆ ಕಾಣುತ್ತಿತ್ತು. ಅದನ್ನು ಕಂಡು ಜನ ಇನ್ನೂ ಜೋರಾಗಿ ಚಪ್ಪಾಳೆ ತಟ್ಟಿದರು. ಮರಿಗಳು ಇನ್ನೂ ಹತ್ತಿರ ಬಂದವು. ಆಮೇಲೆ ನೀರುಕಾಗೆಗಳು ಬಂದವು. ಎದುರು ದಂಡೆಯ ಕಂಬಗಳ ಮೇಲೆ ರೆಕ್ಕೆ ಒಣಗಿಸುತ್ತಿದ್ದಂಥವು ಒಂದೊಂದಾಗಿ ಇಳಿದವು. ಅವುಗಳ ಹಿಂದೆ ಕಡಲಹಕ್ಕಿಗಳು. ಮಕ್ಕಳು ಚಪ್ಪಾಳೆ ನಿಲ್ಲಿಸಿದರು. ಒಂದು ಪುಟ್ಟ ಹುಡುಗಿ, "ಟೀಚರ್, ಹಕ್ಕಿಗೆ ಹೇಳಿ ಟೀಚರ್, ಅದು ನಮ್ದು," ಎಂದು ಅಳುತ್ತಿತ್ತು. ನಿಮ್ಮವರು ಮಾತ್ರ ತಟ್ಟುತ್ತಲೇ ಇದ್ದರು, ಏಕೆಂದರೆ ನೀವಿನ್ನೂ ನಿಲ್ಲಿಸಿರಲಿಲ್ಲ. ಚಪ್ಪಾಳೆ ಕೇಳಿದ ಕೂಡಲೇ ಬಾಯಿ ತೆರೆದು ಮೇಲೆ ಬರುವುದನ್ನು ನಿಮ್ಮ ಕಚೇರಿಯಲ್ಲಿ ಮೀನಿಗೆ ಮಾತ್ರ ಕಲಿಸಿಲ್ಲ ಎಂದು ನನಗೆ ಅಂದು ಗೊತ್ತಾಯಿತು.

ಮರುದಿನದ ಪತ್ರಿಕೆಯಲ್ಲಿ ಚಿತ್ರ ಬಂತು. ಕೆಳಗೆ ಬರೆದಿತ್ತು: ತಮ್ಮನ್ನು ಸಾಕಿದವರಿಗೆ ಕೃತಜ್ಞತೆ ಹೇಳಲು ಹಿಂತಿರುಗಿದ ಬಿಳಿಮೀನು ಮರಿಗಳು. ಅದು ನಿಮ್ಮ ಕಚೇರಿ ಕೊಟ್ಟ ವಾಕ್ಯವಂತೆ. ಓದಿ ಶೂಕಾ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ತನ್ನನ್ನು ಕಳ್ಳಿ ಎಂದಾಗ ಅಳದವಳು ಅಂದು ಅತ್ತಳು.

ಕೃತಜ್ಞತೆಯ ಉಳಿದ ಭಾಗವನ್ನು ನಾನು ನೋಡಿದೆ. ಆ ವಾರವಿಡೀ ನದಿಯ ಬಾಯಿಂದ ಬಂದ ಬಾತುಮೀನು, ಮೀಸೆಮೀನು, ಯಾವುದರ ಹೊಟ್ಟೆ ಸೀಳಿದರೂ ಮರಿ. ಅರ್ಧ ಕರಗಿದ್ದು, ಇನ್ನೂ ಕರಗದ್ದು, ನುಂಗಿದ ಹಾಗೇ ಕಣ್ಣು ಬಿಟ್ಟುಕೊಂಡಿದ್ದದ್ದು. ಮರಿಯ ಹೊಟ್ಟೆಯನ್ನು ಉಗುರಲ್ಲಿ ಒತ್ತಿದರೆ ಬಂದದ್ದು ನಿಮ್ಮ ಕೇಂದ್ರದ ಕಂದು ಕಾಳು. ಉತ್ಸವದಲ್ಲಿ ಚುರುಕಾಗಿ ಕಾಣಲೆಂದು ಅಂದು ಬೆಳಿಗ್ಗೆ ಹೊಟ್ಟೆ ತುಂಬ ತಿನ್ನಿಸಿದ್ದರಲ್ಲ, ಅದೇ. ಹುಳದ ಸಿಪ್ಪೆಯಿದ್ದ ಮರಿ, ಅಂದರೆ ಶೂಕಾಳದ್ದು, ನನ್ನ ಚೂರಿಗೆ ಸಿಕ್ಕಿದ್ದು ಅಪರೂಪ. ಸಿಗಲೇ ಇಲ್ಲವೆಂದು ಹೇಳುವುದಿಲ್ಲ. ನದಿ ಯಾರಪ್ಪನ ಮನೆಯೂ ಅಲ್ಲ. ಆದರೆ ಅಡಗಲು ಕಲಿತದ್ದಕ್ಕೂ ಕಲಿಯದ್ದಕ್ಕೂ ಇರುವ ಅಂತರ ನನ್ನ ಹಲಗೆಯ ಮೇಲೆ ಬಿದ್ದಿತ್ತು, ಯಾರು ಬೇಕಾದರೂ ನೋಡಬಹುದಿತ್ತು. ನೀವು ನೋಡಲು ಬರಲಿಲ್ಲ. ನಿಮ್ಮ ಚಾಲಕ ಬಂದ.

ನಿಮ್ಮ ಮನೆಗೆ ನೆಂಟರು ಬರುವವರಿದ್ದರಂತೆ, ದೊಡ್ಡದೊಂದು ಬಾತುಮೀನು ಬೇಕೆಂದ. ಎಲ್ಲಕ್ಕಿಂತ ದೊಡ್ಡದನ್ನು ಆರಿಸಿ, ತೊಳೆದು, ಹಾಳೆಯಲ್ಲಿ ಸುತ್ತಿ ಕೊಟ್ಟೆ.

"ಸೀಳಿ ಕೊಡಲ್ವಾ ಅಕ್ಕ?"

"ಇಲ್ಲಪ್ಪ. ಮನೇಲೇ ಸೀಳ್ಕೊಳ್ಲಿ."

"ಯಾಕೆ, ಮುನಿಸಾ?"

"ಒಳಗಡೆ ಸಾಹೇಬ್ರಿಗೆ ಸೇರ್ಬೇಕಾದ್ದು ಇದೆ. ನಾನು ಮುಟ್ಟಿದ್ರೆ ಕಳ್ಳಿ ಅಂತಾರೆ."

ನಮ್ಮ ಪೇಟೆಯಲ್ಲಿ ಸೀಳದೆ ಮೀನು ಕೊಡುವುದೆಂದರೆ ಬಾಗಿಲು ಮುಚ್ಚಿದ ಹಾಗೆ. ಅಂದು ನಿಮ್ಮ ಅಡುಗೆಮನೆಯಲ್ಲಿ, ನೆಂಟರ ಎದುರು, ನಿಮ್ಮ ಮನೆಯವರು ಆ ಹೊಟ್ಟೆ ಸೀಳಿದಾಗ ಏನು ಸುರಿಯಿತೋ, ಅದನ್ನು ಕಳಿಸಿದ್ದು ನಾನೇ. ಬೇಕೆಂದೇ ಕಳಿಸಿದ್ದು. ನಿಮ್ಮ ಮಡದಿಯ ಹತ್ತಿರ ಕ್ಷಮೆ ಕೇಳುತ್ತೇನೆ, ನಿಮ್ಮ ಹತ್ತಿರ ಅಲ್ಲ. ಅಂದಿನಿಂದ ಈ ಪೇಟೆಯ ಯಾವ ಹಲಗೆಯಿಂದಲೂ ನಿಮ್ಮ ಮನೆಗೆ ಮೀನು ಹೋಗಿಲ್ಲ. ಈ ನೌರೂಜಿಗೆ ನಿಮ್ಮ ಮನೆಯಲ್ಲಿ ಕೋಳಿ ಬೇಯಿಸಿದರೆಂದು ಕೇಳಿದೆ. ಗಿಲಾನಿನಲ್ಲಿ, ಮೀನುಗಾರಿಕೆಯ ಮುಖ್ಯಸ್ಥರ ಮನೆಯಲ್ಲಿ, ಹಬ್ಬದ ದಿನ ಕೋಳಿ! ಕೇಳಿ ನಾನು ಎರಡು ತುತ್ತು ಹೆಚ್ಚಿಗೆ ಉಂಡೆ.

ಇಷ್ಟಕ್ಕೆ ನನ್ನ ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. ಚಳಿಗಾಲದಲ್ಲಿ ನಡೆದದ್ದನ್ನು ಹೇಳುತ್ತೇನೆ. ಶೂಕಾಗೆ ನಿಶ್ಚಯವಾಗಿದೆ. ಹುಡುಗ ಯಾವರ್, ಬಲೆಗಾರರ ಮನೆಯವನು, ಒಳ್ಳೆಯವನು, ತಾಯಿಯ ಮುಂದೆ ಬಾಯಿ ಮಾತ್ರ ಇಲ್ಲ. ವರ್ಷದ ಅತಿ ದೀರ್ಘ ರಾತ್ರಿಯ ಹಬ್ಬಕ್ಕೆ ಗಂಡಿನ ಮನೆಯವರು ಹೆಣ್ಣಿನ ಮನೆಗೆ ತಟ್ಟೆ ತರುವುದು ನಮ್ಮ ಪದ್ಧತಿ, ತಟ್ಟೆಯ ನಡುವೆ ಒಂದು ದೊಡ್ಡ ಬಿಳಿಮೀನು, ಅದರ ಬಾಯಲ್ಲಿ ಚಿನ್ನದ ಉಂಗುರ. ಆ ಹಬ್ಬದ ಮಧ್ಯಾಹ್ನ ಹುಡುಗನ ತಾಯಿ ತೂಬಾ ಖಾನಂ ನೆಂಟರ ದಂಡು ಕಟ್ಟಿಕೊಂಡು ಬಂದರು. ತಟ್ಟೆ ಕೆಳಗಿಡುತ್ತ, ನನ್ನ ಮಗಳ ಮುಖ ನೋಡಿ ನಕ್ಕು ಹೇಳಿದರು: "ತಗೋ ಮಗಳೇ, ಧೈರ್ಯವಾಗಿ ತಗೋ. ಇದು ಕೊಂಡು ತಂದಿರೋ ಮೀನು."

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಿಮ್ಮ ಮೈಕಿನ ನಗೆ, ಮಾನ್ಯರೇ, ಅಷ್ಟು ತಿಂಗಳು ನಡೆದುಕೊಂಡು ಬಂದು ನನ್ನ ಮನೆಯ ಕಂಬಳಿಯ ಮೇಲೆ ಕೂತಿತ್ತು. ಶೂಕಾ ಮೀನಿನ ಬಾಯಿಂದ ಉಂಗುರ ತೆಗೆದಳು. ತನ್ನ ತಲೆವಸ್ತ್ರದ ಅಂಚಿನಲ್ಲಿ ಚೆನ್ನಾಗಿ ಒರೆಸಿದಳು. ತೂಬಾ ಖಾನಂ ಅವರ ಅಂಗೈಯಲ್ಲಿಟ್ಟು ಬೆರಳು ಮಡಿಸಿದಳು. "ಉಂಗುರ ನಿಮ್ಮ ಹತ್ರಾನೇ ಇರ್ಲಿ ಅಮ್ಮ. ಮೀನು ಬಿಟ್ಟು ಹೋಗಿ. ಅದು ಯಾರಿಗೂ ಏನೂ ಅಂದಿಲ್ಲ."

ಹಬ್ಬಕ್ಕೆಂದು ಹೆಚ್ಚಿಟ್ಟಿದ್ದ ಕಲ್ಲಂಗಡಿಯನ್ನು ಯಾರೂ ಮುಟ್ಟಲಿಲ್ಲ. ಅಂದಿನಿಂದ ಮದುವೆ ನಡುನೀರಲ್ಲಿ ನಿಂತಿದೆ. ಯಾವರ್ ದಿನಾ ನನ್ನ ಹಲಗೆಗೆ ಬಂದು ತನಗೆ ಬೇಡದ ಮೀನು ಕೊಳ್ಳುತ್ತಾನೆ, ಶೂಕಾ ತಲೆಯೆತ್ತದೆ ಸೀಳಿಕೊಡುತ್ತಾಳೆ. ಹೌದು, ಈಗ ಅವಳು ನನ್ನ ಪಕ್ಕದಲ್ಲಿ ಕೂತು ಮೀನು ಸೀಳುತ್ತಾಳೆ. ಆ ಕೆಲಸದಲ್ಲಿ ಅವಮಾನವಿಲ್ಲ, ನಾನು ಬದುಕೆಲ್ಲ ಮಾಡಿದ್ದೇನೆ. ಆದರೆ ಬದುಕಿಸಲು ಕಲಿತವಳ ಕೈಗೆ ನೀವು ಚೂರಿ ಕೊಟ್ಟಿರಿ. ತೂಬಾ ಖಾನಂ ಈಗ ಬಲೆಗಾರರ ಹೆಂಗಸರ ಹತ್ತಿರ ಹೇಳಿಕೊಂಡು ತಿರುಗುತ್ತಾರಂತೆ, "ನಂದೇನೂ ತಕರಾರಿಲ್ಲಪ್ಪ. ಆ ದೊಡ್ಡ ಸಾಹೇಬ್ರು ಒಂದು ಮಾತು ಅಂದ್ಬಿಡ್ಲಿ, ಮಾರನೇ ದಿನವೇ ನಾನೇ ಡೋಲು ಬಡಿಸ್ತೀನಿ." ಅವರಿಗೆ ನಾನು ಬೇರೆಯೇ ಪತ್ರ ಬರೆಯುವವಳಿದ್ದೇನೆ. ಆದರೆ ಆ ಒಂದು ಮಾತು ಯಾರ ಬಾಯಲ್ಲಿದೆಯೋ ಅವರಿಗೆ ಮೊದಲು.

ಈ ಪತ್ರ ಬರೆಯುತ್ತಿದ್ದೇನೆಂದು ಶೂಕಾಗೆ ಹೇಳಿದೆ. ಅವಳು ಮೀನಿನ ಹುರುಪೆ ಕೆರೆಯುವುದನ್ನು ನಿಲ್ಲಿಸಲಿಲ್ಲ.

"ನನ್ ಹೆಸ್ರು ಬಿಡು ಅಮ್ಮ. ಕೊಂಬೆ ಹಾಕ್ಸು. ಹೆಂಚು ಹಾಕ್ಸು. ಆ ಚಪ್ಪಾಳೆ ನಿಲ್ಸು."

"ನಿನ್ನ ಹೆಸ್ರಿಗೋಸ್ಕರಾನೇ ಬರೀತಿರೋದು."

"ಹಂಗಾದ್ರೆ ಎರಡೂ ಬರಿ. ಮೀನಿಂದು ಮೊದ್ಲು ಬರಿ."

ಅವಳ ಮಾತನ್ನು ಪೂರ್ತಿ ಕೇಳಲಾರೆ, ನಾನು ತಾಯಿ. ಆದರೂ ಎರಡನ್ನೂ ಬರೆಯುತ್ತೇನೆ. ಈ ವರ್ಷದ ಮರಿಗಳು ಈಗ ನಿಮ್ಮ ಬೋಳು ಕೊಳಗಳಲ್ಲಿವೆ. ಉತ್ಸವಕ್ಕೆ ಇನ್ನೂ ಕೆಲವು ವಾರಗಳಿವೆ. ಹೆಂಚು ಗೋಡೆಯ ಹಿಂದೆಯೇ ಇದೆ, ಎತ್ತಿ ಒಳಗೆ ಹಾಕುವುದಕ್ಕೆ ರಾಜಧಾನಿಯ ಅಪ್ಪಣೆ ಬೇಕಾಗಿಲ್ಲ. ಪ್ರತಿ ಕೊಳಕ್ಕೂ ಕಲ್ಲು, ಕೊಂಬೆ, ಹುಲ್ಲು ಬೀಳಲಿ. ಕಾಳು ನೀರಿನೊಳಗಿಂದ ಹೋಗಲಿ. ನೆಮತ್ ತನ್ನ ಕೈಗಳನ್ನು ಬೇರೆ ಕೆಲಸಕ್ಕೆ ಬಳಸಲಿ. ಅತಿಥಿಗಳು ಬಂದಾಗ ಮೀನು ಕಾಣದಿದ್ದರೆ ಕುರ್ಚಿ ಹಾಕಿ ಕೂರಿಸಿ, ಚಹಾ ಕೊಡಿ, ಸುಮ್ಮನಿರಲು ಹೇಳಿ. ಸುಮ್ಮನೆ ಕೂರುವುದು ದೊಡ್ಡವರಿಗೆ ಕಷ್ಟ, ಆದರೆ ಕಲಿಯಬಹುದು. ಮರಿಮೀನು ಕಲಿಯಿತಲ್ಲ. ಶೂಕಾಳನ್ನು ಅದೇ ಮೂಲೆಯ ಕೊಳಕ್ಕೆ ವಾಪಸ್ಸು ಕರೆಯಿರಿ. ಉತ್ಸವದ ದಿನ ಅದೇ ಮೈಕಿನಲ್ಲಿ, ಗೇಟಿನ ತನಕ ಕೇಳಿಸಿದ ಅದೇ ಗಂಟಲಿನಲ್ಲಿ, ಅವಳು ಮೀನು ಕದ್ದಿಲ್ಲ, ಮೀನು ಅಲ್ಲೇ ಇತ್ತು, ನನಗೆ ಕಾಣಲಿಲ್ಲ ಎಂದು ಹೇಳಿ.

ಹೇಳದಿದ್ದರೆ ಏನು ಮಾಡುತ್ತೀ ಮುದುಕಿ ಎನ್ನುತ್ತೀರಾ? ಹೇಳುತ್ತೇನೆ. ನಿಮ್ಮ ಆಹ್ವಾನ ನಮ್ಮ ಪೇಟೆಗೂ ಬಂದಿದೆ. ನಾವೆಲ್ಲ ಬರುತ್ತೇವೆ. ಹೊಗೆಮೀನಿನ ಸಾಲು, ಹಸಿಮೀನಿನ ಸಾಲು, ಉಪ್ಪಿನಕಾಯಿಯವರು, ಬಲೆಗಾರರು ಎಲ್ಲ ಬರುತ್ತೇವೆ. ಚಪ್ಪಲಿಯನ್ನು ದಂಡೆಯಲ್ಲೇ ಕಳಚಿ ಬರಿಗಾಲಲ್ಲಿ ಕಟ್ಟೆಗೆ ಏರುತ್ತೇವೆ. ಹೆಂಗಸರೆಲ್ಲ ಸೊಂಟಕ್ಕೆ ಸುತ್ತಿದ ಬಟ್ಟೆಯಲ್ಲಿ ಎರಡೂ ಕೈ ಸಿಕ್ಕಿಸಿಕೊಂಡು ನಿಲ್ಲುತ್ತೇವೆ. ಶಾಲೆಯ ಟೀಚರಿಗೆ ಹೇಳಿಯಾಗಿದೆ, ಕಳೆದ ವರ್ಷ ಅತ್ತ ಹುಡುಗಿ ತರಗತಿಗೆಲ್ಲ ಹಾಗೆಯೇ ನಿಲ್ಲುವ ಅಭ್ಯಾಸ ಮಾಡಿಸುತ್ತಿದ್ದಾಳಂತೆ. ಬ್ಯಾಂಡಿನ ಡೋಲಿನವನು ನನ್ನ ಹಲಗೆಯ ಮೀನು ತಿಂದು ಬೆಳೆದವನು, ಅಂದು ಅವನ ಮೊಣಕೈ ನೋಯಲಿದೆ. ನೀವು ಬೋಗುಣಿ ಬಗ್ಗಿಸುತ್ತೀರಿ. ಮರಿ ನೀರಿಗೆ ಬೀಳುತ್ತದೆ. ನೀವು ತಲೆಯೆತ್ತಿ ಕಾಯುತ್ತೀರಿ. ಊರಿಗೆ ಊರೇ ನಿಮ್ಮನ್ನು ನೋಡುತ್ತ ನಿಂತಿರುತ್ತದೆ, ಒಂದು ಸದ್ದಿರುವುದಿಲ್ಲ. ಛಾಯಾಗ್ರಾಹಕರು ಅದರ ಚಿತ್ರ ತೆಗೆಯಲಿ. ಕೆಳಗೆ ಏನು ಬರೆಯಬೇಕೆಂದು ನಿಮ್ಮ ಕಚೇರಿ ಯೋಚಿಸಲಿ.

ಒಂದು ವೇಳೆ ನೀವು ಆ ಮಾತು ಹೇಳಿಯೇಬಿಟ್ಟಿರಿ ಎಂದಿಟ್ಟುಕೊಳ್ಳಿ. ಮೈಕಿನ ಮುಂದೆ, ಶೂಕಾ ಕದ್ದಿಲ್ಲ ಎಂದು. ನೀವು ದೊಡ್ಡ ಮನಸ್ಸು ಮಾಡಿದ್ದೀರೆಂದು ನಿಮಗನ್ನಿಸುತ್ತದೆ, ಸುತ್ತ ನೋಡುತ್ತೀರಿ. ಆಗಲೂ ಯಾರೂ ಚಪ್ಪಾಳೆ ತಟ್ಟುವುದಿಲ್ಲ. ತಪ್ಪು ತಿಳಿಯಬೇಡಿ, ಅದು ನಿಮ್ಮ ಮೇಲಿನ ಹಗೆಯಿಂದಲ್ಲ ಎಂದು ಬರೆಯಲು ಶೂಕಾ ಹೇಳಿದ್ದಾಳೆ. ಮರಿಗಳು ಇನ್ನೂ ಹತ್ತಿರದಲ್ಲೇ ಇರುತ್ತವೆ, ಕೇಳಿಸಿಕೊಂಡು ತಿರುಗಿಬಿಟ್ಟಾವು ಎಂದಷ್ಟೇ.

ಅದು ಅವಳ ಮಾತು. ನನ್ನನ್ನು ಕೇಳಿದರೆ, ಹಗೆಯಿಂದಲೂ ಹೌದು.

ಇಂತಿ,
ಕದಿಯದ ಮೀನಿನ ಕಳ್ಳಿಯನ್ನು ಹೆತ್ತವಳು,
ನಿಮ್ಮ ಮನೆಗೆ ಇನ್ನು ಮೀನು ಸೀಳದವಳು,
ಮೊನವ್ವರ್
ಮೀನುಪೇಟೆ, ಹೊಗೆಮೀನಿನ ಸಾಲಿನ ಕೊನೆ